ಆಂಟಿಆಕ್ಸಿಡೆಂಟ್ ಮತ್ತು ಕ್ಯಾನ್ಸರ್: ತಟ್ಟೆಯಲ್ಲಿರುವುದು ಬೇರೆ, ಡಬ್ಬಿಯಲ್ಲಿರುವುದು ಬೇರೆ

(ರೋಗಿಗಳಿಗೆ ಹಾಗೂ ಮನೆಯಲ್ಲಿ ಆರೈಕೆ ಮಾಡುವವರಿಗೆ ಆರೋಗ್ಯ ಪಾಠ)

ಮನೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ನೋಡಲು ಬರುವ ಬಂಧು ಬಳಗದವರು ಬರಿಗೈಯಲ್ಲಿ ಬರುವುದಿಲ್ಲ. ಹಣ್ಣು ತರುತ್ತಾರೆ, ಎಳನೀರು ತರುತ್ತಾರೆ. ಜೊತೆಗೆ ಒಂದು ಸಲಹೆಯನ್ನೂ ತರುತ್ತಾರೆ. "ಈ ಪುಡಿ ಕುಡಿಸಿ, ಇದರಲ್ಲಿ ಆಂಟಿಆಕ್ಸಿಡೆಂಟ್ ಇದೆಯಂತೆ", "ಈ ಮಾತ್ರೆ ನುಂಗಿದರೆ ಗಡ್ಡೆ ಕರಗುತ್ತದಂತೆ" ಎನ್ನುತ್ತಾರೆ. ಅವರು ಹೇಳುವುದು ಪ್ರೀತಿಯಿಂದಲೇ. ಆದರೆ ಪ್ರೀತಿಯಿಂದ ಕೊಟ್ಟದ್ದೆಲ್ಲ ಚಿಕಿತ್ಸೆಗೆ ಸಹಾಯ ಮಾಡುತ್ತದೆ ಎಂದು ಹೇಳಲಾಗದು. ಕೆಲವು ವಸ್ತುಗಳು ಚಿಕಿತ್ಸೆಗೆ ಅಡ್ಡಿಯಾಗಬಹುದು.

ವಾರ್ಡಿನಲ್ಲಿ ಹಾಸಿಗೆ ಪಕ್ಕದ ಲಾಕರ್ ತೆಗೆದಾಗ ಇಂತಹ ಡಬ್ಬಿಗಳು ನಮಗೆ ಆಗಾಗ ಸಿಗುತ್ತವೆ. ಕೇಳಿದರೆ, "ಸಿಸ್ಟರ್, ಇದು ಔಷಧಿ ಅಲ್ಲ, ಬರೀ ಶಕ್ತಿ ಪುಡಿ. ಅದಕ್ಕೇ ಡಾಕ್ಟರಿಗೆ ಹೇಳಲಿಲ್ಲ" ಎನ್ನುತ್ತಾರೆ. ಎಷ್ಟೋ ಮನೆಗಳಲ್ಲಿ ಆಸ್ಪತ್ರೆಗೆ ಬಂದು ಹೋಗುವ ಬಸ್ ಚಾರ್ಜಿಗೆಂದು ಕೂಡಿಟ್ಟ ಹಣ ಈ ಡಬ್ಬಿಗಳಿಗೆ ಖರ್ಚಾಗುತ್ತದೆ. ಆದ್ದರಿಂದ ಆಂಟಿಆಕ್ಸಿಡೆಂಟ್ ಎಂದರೇನು, ಅದರಿಂದ ಯಾವಾಗ ಒಳ್ಳೆಯದು, ಯಾವಾಗ ತೊಂದರೆ ಎಂಬುದನ್ನು ಪ್ರತಿಯೊಬ್ಬ ರೋಗಿಯೂ ತಿಳಿದುಕೊಳ್ಳುವುದು ಅಗತ್ಯ. ಓದಲು ಬಾರದವರಿಗೆ ಮನೆಯವರು ಇದನ್ನು ಓದಿ ಹೇಳಬೇಕಾಗಿ ವಿನಂತಿ.

ಆಂಟಿಆಕ್ಸಿಡೆಂಟ್ ಎಂದರೇನು?

ನಾವು ಉಂಡ ಅನ್ನ, ರೊಟ್ಟಿ, ಮುದ್ದೆ ದೇಹದಲ್ಲಿ ಶಕ್ತಿಯಾಗಬೇಕಾದರೆ ಉಸಿರಿನ ಮೂಲಕ ಒಳಗೆ ಹೋದ ಆಮ್ಲಜನಕ ಬೇಕು. ಸೌದೆ ಒಲೆ ಉರಿಯುವಾಗ ಕಿಡಿ ಹಾರುವಂತೆ, ಈ ಕೆಲಸ ನಡೆಯುವಾಗ ನಮ್ಮ ಜೀವಕೋಶಗಳಲ್ಲಿ ಕೆಲವು ಚುರುಕಾದ ಕಣಗಳು ಹುಟ್ಟುತ್ತವೆ. ಇವುಗಳಿಗೆ ಫ್ರೀ ರ‍್ಯಾಡಿಕಲ್ ಎಂದು ಹೆಸರು. ಬೀಡಿ ಸಿಗರೇಟಿನ ಹೊಗೆ, ತಂಬಾಕು, ಮದ್ಯ, ವಾಹನಗಳ ಹೊಗೆ, ಬಿಸಿಲಿನ ನೇರಳಾತೀತ ಕಿರಣ ಇವುಗಳಿಂದ ಇಂತಹ ಕಿಡಿಗಳು ಇನ್ನೂ ಹೆಚ್ಚಾಗುತ್ತವೆ.

ಕಿಡಿಗಳು ಮಿತಿಮೀರಿದರೆ ಜೀವಕೋಶದ ಹೊರಪದರಕ್ಕೂ, ಅದರೊಳಗಿನ ಡಿಎನ್‌ಎಗೂ ಪೆಟ್ಟು ಬೀಳುತ್ತದೆ. ಜೀವಕೋಶ ಯಾವಾಗ ಬೆಳೆಯಬೇಕು, ಯಾವಾಗ ನಿಲ್ಲಬೇಕು ಎಂಬ ಲಿಪಿ ಡಿಎನ್‌ಎಯಲ್ಲಿ ಇರುತ್ತದೆ. ಆ ಲಿಪಿಯಲ್ಲಿ ತಪ್ಪುಗಳು ವರ್ಷಗಟ್ಟಲೆ ಸೇರುತ್ತಾ ಹೋದರೆ ಕ್ಯಾನ್ಸರ್ ಹುಟ್ಟಲು ದಾರಿಯಾಗಬಹುದು.

ಈ ಕಿಡಿಗಳನ್ನು ಆರಿಸುವ ವಸ್ತುಗಳೇ ಆಂಟಿಆಕ್ಸಿಡೆಂಟ್‌ಗಳು. ಕನ್ನಡದಲ್ಲಿ ಇವುಗಳನ್ನು ಉತ್ಕರ್ಷಣ ನಿರೋಧಕಗಳು ಎನ್ನುತ್ತಾರೆ. ಇವು ಎರಡು ಕಡೆಯಿಂದ ಬರುತ್ತವೆ.

1. ದೇಹವೇ ತಯಾರಿಸಿಕೊಳ್ಳುವುದು: ಗ್ಲುಟಥಯೋನ್ ಮುಖ್ಯವಾದದ್ದು. ಕೆಲವು ಕಿಣ್ವಗಳೂ ಇದೇ ಕೆಲಸ ಮಾಡುತ್ತವೆ.
2. ಆಹಾರದಿಂದ ಬರುವುದು: ವಿಟಮಿನ್ ಸಿ, ವಿಟಮಿನ್ ಇ, ಕ್ಯಾರೆಟ್ ಪಪ್ಪಾಯಿಗಳಿಗೆ ಕೇಸರಿ ಬಣ್ಣ ಕೊಡುವ ಬೀಟಾ ಕೆರೋಟಿನ್, ಟೊಮೆಟೊದ ಲೈಕೊಪಿನ್, ಸೆಲೆನಿಯಂ ಎಂಬ ಖನಿಜ, ಹೀಗೆ ಹಲವು.

ಇಲ್ಲಿ ಒಂದು ಮಾತು ಗಮನದಲ್ಲಿರಲಿ. ಎಲ್ಲ ಕಿಡಿಯೂ ಕೆಟ್ಟದ್ದಲ್ಲ. ನಮ್ಮ ಬಿಳಿ ರಕ್ತಕಣಗಳು ರೋಗಾಣುಗಳನ್ನು ಕೊಲ್ಲಲು ಇದೇ ಕಿಡಿಗಳನ್ನು ಬಳಸುತ್ತವೆ. ಕೆಟ್ಟುಹೋದ ಜೀವಕೋಶ ತಾನಾಗಿ ಸಾಯುವುದಕ್ಕೂ ಇವು ನೆರವಾಗುತ್ತವೆ. ಒಲೆಯಲ್ಲಿ ಬೆಂಕಿ ಪೂರ್ತಿ ಆರಿದರೆ ಅಡುಗೆ ಆಗದು, ಒಲೆ ಬಿಟ್ಟು ಹೊರಗೆ ಬಂದರೆ ಮನೆಗೆ ಅಪಾಯ. ದೇಹಕ್ಕೆ ಬೇಕಾದದ್ದು ಇವೆರಡರ ನಡುವಿನ ಸಮತೋಲನ.

ಮಾತ್ರೆ ಕೊಟ್ಟು ಪರೀಕ್ಷಿಸಿದಾಗ ಏನಾಯಿತು?

ಹಣ್ಣು ತರಕಾರಿ ಚೆನ್ನಾಗಿ ತಿನ್ನುವವರಲ್ಲಿ ಕೆಲವು ಬಗೆಯ ಕ್ಯಾನ್ಸರ್ ಕಡಿಮೆ ಎಂದು ಮೊದಲಿನಿಂದಲೂ ಕಂಡುಬಂದಿತ್ತು. ಹಾಗಾದರೆ ಅದರಲ್ಲಿನ ಆಂಟಿಆಕ್ಸಿಡೆಂಟನ್ನು ಮಾತ್ರ ತೆಗೆದು ಮಾತ್ರೆ ಮಾಡಿ ಕೊಟ್ಟರೆ ಇನ್ನೂ ಒಳ್ಳೆಯದಲ್ಲವೇ ಎಂದು ವಿಜ್ಞಾನಿಗಳು ಯೋಚಿಸಿದರು. ಇದನ್ನು ಪರೀಕ್ಷಿಸಲು ಸಾವಿರಾರು ಜನರಿಗೆ ವರ್ಷಗಟ್ಟಲೆ ಮಾತ್ರೆ ಕೊಟ್ಟು ನೋಡಿದರು. ಒಂದು ಗುಂಪಿಗೆ ನಿಜವಾದ ಮಾತ್ರೆ, ಇನ್ನೊಂದು ಗುಂಪಿಗೆ ನೋಡಲು ಅದರಂತೆಯೇ ಇರುವ ಖಾಲಿ ಮಾತ್ರೆ. ಯಾರಿಗೆ ಯಾವುದು ಎಂದು ನುಂಗುವವರಿಗೂ ತಿಳಿಯದಂತೆ ಏರ್ಪಾಡು ಮಾಡಲಾಗಿತ್ತು.

ಫಿನ್‌ಲ್ಯಾಂಡ್: 1985ರಿಂದ 1993ರವರೆಗೆ ಧೂಮಪಾನ ಮಾಡುವ 29,133 ಗಂಡಸರ ಮೇಲೆ ಅಧ್ಯಯನ ನಡೆಯಿತು. ಅದರ ಫಲಿತಾಂಶ 1994ರಲ್ಲಿ ಹೊರಬಂತು. ದಿನಕ್ಕೆ 20 ಮಿಲಿಗ್ರಾಂ ಬೀಟಾ ಕೆರೋಟಿನ್ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇಕಡ 18ರಷ್ಟು ಹೆಚ್ಚಾಗಿತ್ತು. ಇದೇ ಅಧ್ಯಯನದಲ್ಲಿ, ಊಟದಿಂದಲೇ ಬೀಟಾ ಕೆರೋಟಿನ್ ಹೆಚ್ಚು ಪಡೆಯುತ್ತಿದ್ದವರಲ್ಲಿ ಈ ಕ್ಯಾನ್ಸರ್ ಕಡಿಮೆ ಇತ್ತು. ವಸ್ತು ಒಂದೇ. ತರಕಾರಿಯ ರೂಪದಲ್ಲಿ ಬಂದಾಗ ಒಂದು ಫಲ, ಮಾತ್ರೆಯ ರೂಪದಲ್ಲಿ ಬಂದಾಗ ಇನ್ನೊಂದು ಫಲ.

ಅಮೆರಿಕ: ಧೂಮಪಾನಿಗಳು, ಹಿಂದೆ ಧೂಮಪಾನ ಮಾಡಿ ಬಿಟ್ಟವರು ಮತ್ತು ಕಲ್ನಾರಿನ ಧೂಳಿನಲ್ಲಿ ಕೆಲಸ ಮಾಡಿದವರು, ಒಟ್ಟು 18,314 ಜನರಿಗೆ ಬೀಟಾ ಕೆರೋಟಿನ್ ಮತ್ತು ವಿಟಮಿನ್ ಎ ಕೊಟ್ಟು ನೋಡಿದ ಅಧ್ಯಯನ ಇನ್ನೊಂದು. ಮಾತ್ರೆ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡ 28ರಷ್ಟು, ಸಾವು ಶೇಕಡ 17ರಷ್ಟು ಹೆಚ್ಚಾಗಿದ್ದವು. ಆದ್ದರಿಂದ ಅದನ್ನು 1996ರ ಜನವರಿಯಲ್ಲಿ, ಗೊತ್ತುಪಡಿಸಿದ ಅವಧಿಗೆ 21 ತಿಂಗಳು ಮೊದಲೇ ನಿಲ್ಲಿಸಬೇಕಾಯಿತು.

ಪ್ರಾಸ್ಟೇಟ್ ಕ್ಯಾನ್ಸರ್: 2001ರಲ್ಲಿ ಶುರುವಾದ ಮತ್ತೊಂದು ದೊಡ್ಡ ಅಧ್ಯಯನದಲ್ಲಿ 35 ಸಾವಿರಕ್ಕೂ ಹೆಚ್ಚು ಗಂಡಸರಿಗೆ ವಿಟಮಿನ್ ಇ ಅಥವಾ ಸೆಲೆನಿಯಂ, ಇಲ್ಲವೇ ಎರಡೂ, ಇಲ್ಲವೇ ಖಾಲಿ ಮಾತ್ರೆ ಕೊಟ್ಟರು. ಉಪಯೋಗ ಕಾಣದ ಕಾರಣ 2008ರಲ್ಲಿ ಮಾತ್ರೆ ನಿಲ್ಲಿಸಿದರು. 2011ರಲ್ಲಿ ಲೆಕ್ಕ ಹಾಕಿದಾಗ, ಏಳು ವರ್ಷದಲ್ಲಿ ಖಾಲಿ ಮಾತ್ರೆಯ ಗುಂಪಿನಲ್ಲಿ ಸಾವಿರಕ್ಕೆ 65 ಜನರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಬಂದಿದ್ದರೆ, ವಿಟಮಿನ್ ಇ ಮಾತ್ರ ತೆಗೆದುಕೊಂಡವರಲ್ಲಿ ಸಾವಿರಕ್ಕೆ 76 ಜನರಿಗೆ ಬಂದಿತ್ತು.

ಇದಕ್ಕೆ ಬೇರೆಯಾದ ಫಲಿತಾಂಶವೂ ಇದೆ. ಚೀನಾದ ಲಿನ್‌ಶಿಯಾನ್ ಪ್ರದೇಶದ ಜನರಲ್ಲಿ ಪೋಷಕಾಂಶಗಳ ಕೊರತೆ ಬಹಳ ಇತ್ತು. ಅಲ್ಲಿ ಬೀಟಾ ಕೆರೋಟಿನ್, ವಿಟಮಿನ್ ಇ ಮತ್ತು ಸೆಲೆನಿಯಂ ಸೇರಿಸಿ ಸಣ್ಣ ಪ್ರಮಾಣದಲ್ಲಿ ಕೊಟ್ಟಾಗ ಕ್ಯಾನ್ಸರ್ ಸಾವು ಶೇಕಡ 13ರಷ್ಟು ಕಡಿಮೆಯಾಯಿತು ಎಂದು 1993ರಲ್ಲಿ ವರದಿಯಾಯಿತು. ಅಂದರೆ, ಕೊರತೆ ಇದ್ದವರಿಗೆ ಕೊರತೆ ತುಂಬಿದರೆ ಒಳ್ಳೆಯದು. ಕೊರತೆ ಇಲ್ಲದವರಿಗೆ ಮೇಲೆ ಮೇಲೆ ಸುರಿದರೆ ಒಳ್ಳೆಯದಾಗುತ್ತದೆ ಎಂಬ ಖಾತ್ರಿ ಇಲ್ಲ, ಕೆಲವರಿಗೆ ಕೆಡುಕೂ ಆಗುತ್ತದೆ. ಕ್ಯಾನ್ಸರ್ ತಡೆಯಲೆಂದು ಬೀಟಾ ಕೆರೋಟಿನ್ ಮತ್ತು ವಿಟಮಿನ್ ಇ ಮಾತ್ರೆ ತೆಗೆದುಕೊಳ್ಳಬಾರದು ಎಂದು ಅಮೆರಿಕದ ತಜ್ಞರ ಸಮಿತಿ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಕ್ಯಾನ್ಸರ್ ಕೋಶದ ಒಳಗೆ ಏನು ನಡೆಯುತ್ತದೆ?

ಇದುವರೆಗೆ ಹೇಳಿದ್ದು ಕ್ಯಾನ್ಸರ್ ಬರುವ ಮುಂಚಿನ ಮಾತು. ಕ್ಯಾನ್ಸರ್ ಬಂದ ಮೇಲಿನ ಮಾತು ಇನ್ನೂ ಮುಖ್ಯ.

ಹೊಲಕ್ಕೆ ಗೊಬ್ಬರ ಹಾಕಿದರೆ ಅದು ಬೆಳೆಗೆ ಮಾತ್ರ ಹೋಗುವುದಿಲ್ಲ, ಕಳೆಗೂ ಹೋಗುತ್ತದೆ. ನಾವು ನುಂಗಿದ ಆಂಟಿಆಕ್ಸಿಡೆಂಟ್ ಮಾತ್ರೆಯೂ ಹಾಗೆಯೇ. ಅದಕ್ಕೆ ಒಳ್ಳೆಯ ಜೀವಕೋಶ ಯಾವುದು, ಕ್ಯಾನ್ಸರ್ ಜೀವಕೋಶ ಯಾವುದು ಎಂದು ಗೊತ್ತಾಗುವುದಿಲ್ಲ. ಎರಡನ್ನೂ ಕಾಪಾಡಬಹುದು.

ಕ್ಯಾನ್ಸರ್ ಕೋಶ ಬಿಡುವಿಲ್ಲದೆ ಬೆಳೆಯುತ್ತದೆ. ಒಲೆ ಜೋರಾಗಿ ಉರಿದಷ್ಟೂ ಕಿಡಿ ಹೆಚ್ಚು. ಆದ್ದರಿಂದ ಕ್ಯಾನ್ಸರ್ ಕೋಶದೊಳಗೆ ಕಿಡಿಗಳು ಸಾಮಾನ್ಯ ಕೋಶಕ್ಕಿಂತ ಹೆಚ್ಚಾಗಿರುತ್ತವೆ. ಅದು ಬದುಕಿ ಉಳಿಯಲು ತನ್ನದೇ ಆಂಟಿಆಕ್ಸಿಡೆಂಟ್‌ಗಳನ್ನು ಹೆಚ್ಚು ಹೆಚ್ಚು ತಯಾರಿಸಿಕೊಳ್ಳುತ್ತದೆ. ಅಂತಹ ಸ್ಥಿತಿಯಲ್ಲಿ ಹೊರಗಿನಿಂದ ಇನ್ನಷ್ಟು ಕೊಟ್ಟರೆ ಅದಕ್ಕೆ ಅನುಕೂಲವಾಗಬಹುದು ಎಂಬುದು ಪ್ರಯೋಗಗಳಲ್ಲಿ ಕಂಡಿದೆ.

ಬೆಳವಣಿಗೆ: ಸ್ವೀಡನ್ನಿನ ವಿಜ್ಞಾನಿಗಳು ಶ್ವಾಸಕೋಶದ ಗಡ್ಡೆ ಇದ್ದ ಇಲಿಗಳಿಗೆ ವಿಟಮಿನ್ ಇ ಅಥವಾ ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಆಂಟಿಆಕ್ಸಿಡೆಂಟ್ ಕೊಟ್ಟರು. 2014ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಗಡ್ಡೆಗಳು ಬೇಗ ಬೆಳೆದವು, ಇಲಿಗಳು ಬೇಗ ಸತ್ತವು. ಕಾರಣವೂ ತಿಳಿಯಿತು. ನಮ್ಮ ಜೀವಕೋಶದಲ್ಲಿ ಪಿ53 ಎಂಬ ಕಾವಲುಗಾರ ಪ್ರೋಟೀನ್ ಇದೆ. ಡಿಎನ್‌ಎಗೆ ಪೆಟ್ಟಾದುದನ್ನು ಕಂಡರೆ ಅದು ಎಚ್ಚೆತ್ತು ಕೋಶದ ಬೆಳವಣಿಗೆಯನ್ನು ನಿಲ್ಲಿಸುತ್ತದೆ. ಆಂಟಿಆಕ್ಸಿಡೆಂಟ್ ಕೊಟ್ಟಾಗ ಪೆಟ್ಟು ಕಡಿಮೆಯಾಯಿತು, ಕಾವಲುಗಾರ ಎಚ್ಚರಗೊಳ್ಳಲಿಲ್ಲ, ಗಡ್ಡೆ ಬೆಳೆಯುತ್ತಾ ಹೋಯಿತು.

ಹರಡುವಿಕೆ: ಕ್ಯಾನ್ಸರ್ ಕೋಶ ಮೂಲ ಗಡ್ಡೆಯನ್ನು ಬಿಟ್ಟು ರಕ್ತದಲ್ಲಿ ಸೇರಿ ಬೇರೆ ಅಂಗಕ್ಕೆ ಹೋಗುವುದು ಸುಲಭದ ಪ್ರಯಾಣವಲ್ಲ. ಮನುಷ್ಯರ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಕೋಶಗಳನ್ನು ಇಲಿಗಳಲ್ಲಿ ಬೆಳೆಸಿ ಅಮೆರಿಕದ ಟೆಕ್ಸಾಸ್‌ನಲ್ಲಿ ನಡೆಸಿದ ಪ್ರಯೋಗ 2015ರಲ್ಲಿ ಪ್ರಕಟವಾಯಿತು. ರಕ್ತಕ್ಕೆ ಸೇರಿದ ಕ್ಯಾನ್ಸರ್ ಕೋಶಗಳಲ್ಲಿ ಹೆಚ್ಚಿನವು ಈ ಕಿಡಿಗಳ ಹೊಡೆತಕ್ಕೇ ಸಾಯುತ್ತವೆ ಎಂದು ಅದರಲ್ಲಿ ತಿಳಿಯಿತು. ಆಂಟಿಆಕ್ಸಿಡೆಂಟ್ ಕೊಟ್ಟ ಇಲಿಗಳಲ್ಲಿ ಹೆಚ್ಚು ಕೋಶಗಳು ಬದುಕಿ ಬೇರೆ ಅಂಗಗಳಿಗೆ ಹರಡಿದವು. ಅದೇ ವರ್ಷ ಸ್ವೀಡನ್ನಿನಲ್ಲಿ ನಡೆದ ಇನ್ನೊಂದು ಪ್ರಯೋಗದಲ್ಲಿ ಮೂಲ ಗಡ್ಡೆಗಳ ಸಂಖ್ಯೆ ಹೆಚ್ಚಾಗಲಿಲ್ಲ, ಆದರೆ ದುಗ್ಧಗ್ರಂಥಿಗಳಿಗೆ ಹರಡಿದ ಗಡ್ಡೆಗಳು ಎರಡರಷ್ಟಾದವು. ಹೊರಗೆ ಕಾಣುವ ಗಡ್ಡೆ ಹಾಗೆಯೇ ಇದ್ದು, ಕಾಣದ ಕಡೆ ಹರಡುತ್ತಿತ್ತು.

2019ರಲ್ಲಿ ಸ್ವೀಡನ್ ಮತ್ತು ನ್ಯೂಯಾರ್ಕಿನ ಎರಡು ತಂಡಗಳು ಶ್ವಾಸಕೋಶದ ಕ್ಯಾನ್ಸರ್ ಹರಡುವ ಒಂದು ದಾರಿಯನ್ನು ಪತ್ತೆ ಮಾಡಿದವು. ಕೋಶದೊಳಗಿನ ಕಿಡಿಗಳು ತೀರಾ ತಗ್ಗಿದಾಗ ಬ್ಯಾಕ್1 ಎಂಬ ಪ್ರೋಟೀನ್ ಒಡೆಯದೆ ಉಳಿದುಕೊಳ್ಳುತ್ತದೆ. ಅದು ಕ್ಯಾನ್ಸರ್ ಕೋಶಕ್ಕೆ ಸಕ್ಕರೆಯಿಂದ ಬೇಗ ಶಕ್ತಿ ಪಡೆಯುವ ಮತ್ತು ದೂರಕ್ಕೆ ಸಾಗುವ ಸಾಮರ್ಥ್ಯವನ್ನು ಕೊಡುತ್ತದೆ.

ಇವೆಲ್ಲ ಇಲಿಗಳಲ್ಲಿ ಮತ್ತು ಪ್ರಯೋಗಾಲಯದಲ್ಲಿ ಕಂಡ ಸಂಗತಿಗಳು. ಮನುಷ್ಯರಲ್ಲಿ ಎಲ್ಲ ಬಗೆಯ ಕ್ಯಾನ್ಸರ್‌ನಲ್ಲೂ ಹೀಗೆಯೇ ಆಗುತ್ತದೆ ಎಂದು ತೀರ್ಮಾನಿಸುವಂತಿಲ್ಲ. ಆದರೆ "ಆಂಟಿಆಕ್ಸಿಡೆಂಟ್ ತಾನೇ, ಒಳ್ಳೆಯದು ಆಗದಿದ್ದರೂ ಕೆಟ್ಟದ್ದಂತೂ ಆಗದು" ಎಂಬ ಮಾತು ಸರಿಯಲ್ಲ ಎನ್ನಲು ಇಷ್ಟು ಸಾಕು.

ಚಿಕಿತ್ಸೆ ನಡೆಯುವಾಗ ಏಕೆ ವಿಶೇಷ ಎಚ್ಚರಿಕೆ?

ರೇಡಿಯೇಷನ್ ಅಂದರೆ ಜನರು ಕರೆಂಟ್ ಕೊಡುವುದು ಎನ್ನುತ್ತಾರೆ. ಅದು ಕೆಲಸ ಮಾಡುವ ರೀತಿ ತಿಳಿದರೆ ಈ ಎಚ್ಚರಿಕೆ ಏಕೆಂಬುದು ಗೊತ್ತಾಗುತ್ತದೆ. ಕಿರಣಗಳು ಗಡ್ಡೆಯ ಕೋಶಗಳಲ್ಲಿ ಬೇಕೆಂದೇ ಕಿಡಿಗಳನ್ನು ಎಬ್ಬಿಸುತ್ತವೆ. ಆ ಕಿಡಿಗಳು ಕ್ಯಾನ್ಸರ್ ಕೋಶದ ಡಿಎನ್‌ಎಯನ್ನು ಒಡೆದು ಅದನ್ನು ಕೊಲ್ಲುತ್ತವೆ. ಕೆಲವು ಕಿಮೊಥೆರಪಿ ಔಷಧಿಗಳೂ ಭಾಗಶಃ ಇದೇ ದಾರಿಯಲ್ಲಿ ಕೆಲಸ ಮಾಡುತ್ತವೆ. ಒಂದು ಕಡೆ ಆಸ್ಪತ್ರೆಯಲ್ಲಿ ಬೆಂಕಿ ಹಚ್ಚಿ, ಇನ್ನೊಂದು ಕಡೆ ಮನೆಯಲ್ಲಿ ನೀರು ಸುರಿದರೆ ಫಲವೇನು?

ಕೆನಡಾ ದೇಶದಲ್ಲಿ ತಲೆ ಮತ್ತು ಕುತ್ತಿಗೆ ಭಾಗದ ಕ್ಯಾನ್ಸರ್‌ಗೆ ರೇಡಿಯೇಷನ್ ಪಡೆಯುತ್ತಿದ್ದ 540 ರೋಗಿಗಳ ಅಧ್ಯಯನ ನಡೆಯಿತು. ಬಾಯಿ, ಗಂಟಲಿನ ಕ್ಯಾನ್ಸರ್ ನಮ್ಮ ನಾಡಿನಲ್ಲಿ ತಂಬಾಕಿನಿಂದ ಬಹಳ ಜನರಿಗೆ ಬರುವುದರಿಂದ ಇದನ್ನು ನಾವು ವಿಶೇಷವಾಗಿ ಗಮನಿಸಬೇಕು. ಅರ್ಧದಷ್ಟು ಜನರಿಗೆ ದಿನಕ್ಕೆ 400 ಯುನಿಟ್ ವಿಟಮಿನ್ ಇ ಕೊಟ್ಟರು. ಮೊದಮೊದಲು ಜೊತೆಗೆ ಬೀಟಾ ಕೆರೋಟಿನ್ ಸಹ ಇತ್ತು. ಬೇರೆ ಅಧ್ಯಯನಗಳಲ್ಲಿ ಅದರ ಅಪಾಯ ತಿಳಿದ ಮೇಲೆ ಅದನ್ನು ಬಿಟ್ಟರು. 2005ರಲ್ಲಿ ಬಂದ ಫಲಿತಾಂಶ ಹೀಗಿತ್ತು: ಎರಡನ್ನೂ ತೆಗೆದುಕೊಂಡವರಲ್ಲಿ ರೇಡಿಯೇಷನ್ನಿನ ತೀವ್ರ ತೊಂದರೆಗಳು ಕಡಿಮೆಯಾದವು. ಆದರೆ ಮಾತ್ರೆ ತೆಗೆದುಕೊಂಡ ಗುಂಪಿನಲ್ಲಿ ಅದೇ ಜಾಗದಲ್ಲಿ ಗಡ್ಡೆ ಮರುಕಳಿಸುವುದು ಹೆಚ್ಚಾಗುವಂತೆ ಕಂಡಿತು. ಮಾತ್ರೆ ನುಂಗುತ್ತಿದ್ದ ಅವಧಿಯಲ್ಲಿ ಹೊಸದಾಗಿ ಎರಡನೆಯ ಕ್ಯಾನ್ಸರ್ ಬರುವುದೂ ಹೆಚ್ಚಾಗಿತ್ತು.

ಇದನ್ನು ಸ್ವಲ್ಪ ಯೋಚಿಸಿ ನೋಡಿ. ಮಾತ್ರೆ ತೆಗೆದುಕೊಂಡ ರೋಗಿಗೆ ಬಾಯಿ ಉರಿ ಕಡಿಮೆಯಾಗುತ್ತದೆ. "ನೋಡಿ, ಎಷ್ಟು ಒಳ್ಳೆಯ ಮಾತ್ರೆ" ಎಂದು ಮನೆಯವರಿಗೆಲ್ಲ ಸಂತೋಷ. ಒಳ್ಳೆಯ ಕೋಶಕ್ಕೆ ಸಿಕ್ಕ ರಕ್ಷಣೆ ಗಡ್ಡೆಗೂ ಸಿಕ್ಕಿರಬಹುದು ಎಂಬುದು ಆಗ ಯಾರಿಗೂ ಕಾಣುವುದಿಲ್ಲ. ಆದ್ದರಿಂದ "ತೆಗೆದುಕೊಂಡ ಮೇಲೆ ಹಾಯೆನಿಸಿತು" ಎಂಬುದೊಂದನ್ನೇ ನಂಬಿ ಮಾತ್ರೆ ಮುಂದುವರಿಸಬಾರದು.

ಸ್ತನ ಕ್ಯಾನ್ಸರ್‌ಗೆ ಕಿಮೊಥೆರಪಿ ಪಡೆದ 1,134 ಮಹಿಳೆಯರನ್ನು ಅಮೆರಿಕದಲ್ಲಿ ವಿಚಾರಿಸಿ ನೋಡಿದ ವರದಿ 2020ರಲ್ಲಿ ಬಂತು. ಚಿಕಿತ್ಸೆಗೆ ಮೊದಲೂ, ಚಿಕಿತ್ಸೆಯ ನಡುವೆಯೂ ಆಂಟಿಆಕ್ಸಿಡೆಂಟ್ ಮಾತ್ರೆ ತೆಗೆದುಕೊಂಡವರಲ್ಲಿ ಕಾಯಿಲೆ ಮರುಕಳಿಸುವ ಸಾಧ್ಯತೆ ಹೆಚ್ಚಿರುವ ಸೂಚನೆ ಅದರಲ್ಲಿ ಕಂಡಿತು. ಹಾಗೆ ತೆಗೆದುಕೊಂಡವರ ಸಂಖ್ಯೆ ಕಡಿಮೆ ಇದ್ದುದರಿಂದ ಇದು ಖಚಿತ ತೀರ್ಪಲ್ಲ, ಎಚ್ಚರಿಕೆಯ ಗಂಟೆ.

ಹಾಗಾದರೆ ಹಣ್ಣು ತರಕಾರಿಯನ್ನೂ ಬಿಡಬೇಕೇ?

ಖಂಡಿತ ಬಿಡಬಾರದು. ಈ ಪಾಠ ಓದಿ ಯಾರೂ ನೆಲ್ಲಿಕಾಯಿ, ಸೊಪ್ಪು, ಹಣ್ಣು ತಿನ್ನಲು ಹೆದರಬೇಕಾಗಿಲ್ಲ. ಊಟದ ಆಂಟಿಆಕ್ಸಿಡೆಂಟ್ ಮಿತ ಪ್ರಮಾಣದಲ್ಲಿ, ನಾರು ಮತ್ತು ನೂರಾರು ಇತರ ಪೋಷಕಾಂಶಗಳ ಜೊತೆಗೂಡಿ, ನಿಧಾನವಾಗಿ ದೇಹ ಸೇರುತ್ತದೆ. ದೊಡ್ಡವರಿಗೆ ದಿನಕ್ಕೆ ಬೇಕಾದ ವಿಟಮಿನ್ ಇ ಸುಮಾರು 15 ಮಿಲಿಗ್ರಾಂ ಮಾತ್ರ. ಶೇಂಗಾ, ಸೂರ್ಯಕಾಂತಿ ಎಣ್ಣೆ, ಸೊಪ್ಪುಗಳಿಂದ ಇದು ಸಿಗುತ್ತದೆ. ಅಂಗಡಿಯಲ್ಲಿ ಸಿಗುವ ಒಂದು ಕ್ಯಾಪ್ಸೂಲಿನ ಮೇಲೆ 400 ಎಂದು ಬರೆದಿರುತ್ತದೆ. ಎರಡಕ್ಕೂ ಇರುವ ಅಂತರ ಇದು.

ಚಿಕಿತ್ಸೆಯ ದಿನಗಳಲ್ಲಿ ದೇಹಕ್ಕೆ ಬೇಕಾದ ದೊಡ್ಡ ಬಲ ಊಟವೇ. ತೂಕ ಇಳಿದರೆ ಚಿಕಿತ್ಸೆ ತಡೆದುಕೊಳ್ಳುವುದು ಕಷ್ಟ. ಆದ್ದರಿಂದ ಈ ಕೆಳಗಿನಂತೆ ಊಟ ಮಾಡಿ.

1. ಸಾಮಾನ್ಯ ದಿನಗಳಲ್ಲಿ ಹಣ್ಣು ತರಕಾರಿ ಸೇರಿ ದಿನಕ್ಕೆ 400 ಗ್ರಾಂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಚಿಕಿತ್ಸೆಯ ಸಮಯದಲ್ಲಿ ಅಷ್ಟು ಆಗದಿದ್ದರೆ ಆದಷ್ಟು ತಿನ್ನಿ, ಸ್ವಲ್ಪ ಸ್ವಲ್ಪವಾಗಿ ಹಲವು ಸಲ ತಿನ್ನಿ.
2. ದುಬಾರಿ ಹಣ್ಣೇ ಆಗಬೇಕೆಂದಿಲ್ಲ. ಸೀಬೆ, ಪಪ್ಪಾಯಿ, ಬಾಳೆ, ನೆಲ್ಲಿಕಾಯಿ ಸಾಕು. ಹರಿವೆ, ಮೆಂತ್ಯ, ಪಾಲಕ್, ನುಗ್ಗೆ ಸೊಪ್ಪು, ಕ್ಯಾರೆಟ್, ಟೊಮೆಟೊ, ಸಿಹಿಗುಂಬಳ ಎಲ್ಲವೂ ಒಳ್ಳೆಯವು.
3. ನಮ್ಮಲ್ಲಿ ಬರುವ ಬಹಳ ರೋಗಿಗಳು ಸಸ್ಯಾಹಾರಿಗಳು. ಅವರು ಪ್ರೋಟೀನಿಗಾಗಿ ಬೇಳೆ, ಕಾಳು, ಹಾಲು, ಮೊಸರು, ಶೇಂಗಾ ತಪ್ಪದೆ ತೆಗೆದುಕೊಳ್ಳಬೇಕು. ಬರೀ ಗಂಜಿ ಮತ್ತು ಹಣ್ಣಿನ ರಸದಿಂದ ಶಕ್ತಿ ಬರುವುದಿಲ್ಲ.
4. ಬಾಯಲ್ಲಿ ಹುಣ್ಣಾಗಿದ್ದರೆ ನೆಲ್ಲಿಕಾಯಿ, ನಿಂಬೆ, ಖಾರ ಉರಿ ಹೆಚ್ಚಿಸುತ್ತವೆ. ಆಗ ಮೆತ್ತಗೆ ಬೇಯಿಸಿದ ಸೊಪ್ಪು ಬೇಳೆ, ಮಾಗಿದ ಬಾಳೆಹಣ್ಣು, ಪಪ್ಪಾಯಿ, ರಾಗಿ ಅಂಬಲಿ, ಮೊಸರನ್ನ ಕೊಡಿ.
5. ಕಿಮೊಥೆರಪಿಯಿಂದ ಬಿಳಿ ರಕ್ತಕಣ ಕಡಿಮೆಯಾಗಿದ್ದಾಗ ಹಣ್ಣು ತರಕಾರಿಯನ್ನು ಚೆನ್ನಾಗಿ ತೊಳೆದು, ಸಿಪ್ಪೆ ತೆಗೆದು ಅಥವಾ ಬೇಯಿಸಿ ಕೊಡಿ. ರಸ್ತೆ ಬದಿ ಕತ್ತರಿಸಿಟ್ಟ ಹಣ್ಣು, ಅಲ್ಲಿನ ಜ್ಯೂಸ್ ಬೇಡ.

ರೋಗಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ಸಾರಿಗೆ, ಪಲ್ಯಕ್ಕೆ ಅರಿಶಿನ ಹಾಕಬಹುದೇ?
ಉತ್ತರ: ಅಡುಗೆಗೆ ಹಾಕುವಷ್ಟು ಅರಿಶಿನದಿಂದ ತೊಂದರೆ ಇಲ್ಲ. ಅರಿಶಿನದ ಸತ್ವ ತೆಗೆದು ಮಾಡಿದ ಕ್ಯಾಪ್ಸೂಲ್ ಬೇರೆ. ಅವುಗಳನ್ನು ತೆಗೆದುಕೊಂಡವರಲ್ಲಿ ಯಕೃತ್ತಿಗೆ, ಅಂದರೆ ಲಿವರ್‌ಗೆ ತೊಂದರೆಯಾದ ಪ್ರಕರಣಗಳು ವರದಿಯಾಗಿವೆ. ವೈದ್ಯರನ್ನು ಕೇಳದೆ ಬೇಡ.

ಪ್ರಶ್ನೆ: ಗ್ರೀನ್ ಟೀ ಕುಡಿಯಬಹುದೇ?
ಉತ್ತರ: ಒಂದೊಂದು ಔಷಧಿಗೆ ಒಂದೊಂದು ನಿಯಮ. ಮಲ್ಟಿಪಲ್ ಮೈಲೋಮಾ ಎಂಬ ಕ್ಯಾನ್ಸರ್‌ಗೆ ಬಾರ್ಟೆಜೊಮಿಬ್ ಎಂಬ ಇಂಜೆಕ್ಷನ್ ಕೊಡುತ್ತಾರೆ. ಗ್ರೀನ್ ಟೀಯಲ್ಲಿರುವ ಒಂದು ಆಂಟಿಆಕ್ಸಿಡೆಂಟ್ ಈ ಔಷಧಿಗೆ ಅಂಟಿಕೊಂಡು ಅದು ಕೆಲಸ ಮಾಡದಂತೆ ತಡೆಯುತ್ತದೆ ಎಂದು 2009ರಲ್ಲಿ ಪ್ರಯೋಗಗಳಲ್ಲಿ ಕಂಡುಬಂತು. ಈ ಇಂಜೆಕ್ಷನ್ ಪಡೆಯುವವರು ಗ್ರೀನ್ ಟೀಯನ್ನೂ ಅದರ ಕ್ಯಾಪ್ಸೂಲನ್ನೂ ಬಿಡಬೇಕು. ಉಳಿದವರು ವೈದ್ಯರನ್ನು ಕೇಳಿ ಕುಡಿಯಿರಿ.

ಪ್ರಶ್ನೆ: ವಿಟಮಿನ್ ಸಿ ಹೆಚ್ಚಾಗಿ ತೆಗೆದುಕೊಂಡರೆ ಕ್ಯಾನ್ಸರ್ ವಾಸಿಯಾಗುತ್ತದಂತೆ, ನಿಜವೇ?
ಉತ್ತರ: ಈ ಮಾತು ಹಳೆಯದು. ಎರಡು ಬಾರಿ ನೊಬೆಲ್ ಪ್ರಶಸ್ತಿ ಪಡೆದ ವಿಜ್ಞಾನಿ ಲೈನಸ್ ಪಾಲಿಂಗ್ 1970ರ ದಶಕದಲ್ಲಿ ಹೀಗೆ ಹೇಳಿದ್ದರು. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ರೋಗಿಗಳಿಗೆ ದಿನಕ್ಕೆ 10 ಗ್ರಾಂ ವಿಟಮಿನ್ ಸಿ ಬಾಯಿಯ ಮೂಲಕ ಕೊಟ್ಟು ಪರೀಕ್ಷಿಸಿದಾಗ ಯಾವ ಉಪಯೋಗವೂ ಕಾಣಲಿಲ್ಲ. ಇದು 1979 ಮತ್ತು 1985ರಲ್ಲಿ ಪ್ರಕಟವಾಗಿದೆ. ರಕ್ತನಾಳದ ಮೂಲಕ ಹೆಚ್ಚಿನ ಪ್ರಮಾಣ ಕೊಡುವ ಬಗ್ಗೆ ಸಂಶೋಧನೆ ನಡೆದಿದೆ, ಆದರೆ ಅದು ಮಾನ್ಯವಾದ ಚಿಕಿತ್ಸೆಯಾಗಿಲ್ಲ. ಮೂತ್ರಪಿಂಡದ ತೊಂದರೆ ಇದ್ದವರಿಗೆ ಅದು ಅಪಾಯಕಾರಿ.

ಪ್ರಶ್ನೆ: ನಮ್ಮ ಡಾಕ್ಟರೇ ವಿಟಮಿನ್ ಮಾತ್ರೆ ಬರೆದಿದ್ದಾರೆ. ಅದನ್ನೂ ನಿಲ್ಲಿಸಬೇಕೇ?
ಉತ್ತರ: ನಿಲ್ಲಿಸಬಾರದು. ರಕ್ತ ಪರೀಕ್ಷೆ ನೋಡಿ, ಕೊರತೆ ಇದೆಯೆಂದು ಅಥವಾ ಔಷಧಿಯ ಜೊತೆಗೆ ಬೇಕೆಂದು ಅವರು ಕೊಟ್ಟಿರುತ್ತಾರೆ. ಉದಾಹರಣೆಗೆ, ಪೆಮೆಟ್ರೆಕ್ಸೆಡ್ ಎಂಬ ಕಿಮೊಥೆರಪಿ ಕೊಡುವಾಗ ಫೋಲಿಕ್ ಆಸಿಡ್ ಮತ್ತು ಬಿ12 ಕೊಡಲೇಬೇಕು, ಇಲ್ಲದಿದ್ದರೆ ಅಡ್ಡ ಪರಿಣಾಮ ಹೆಚ್ಚು. ಬರೆದುಕೊಟ್ಟದ್ದನ್ನು ಬರೆದಷ್ಟೇ ತೆಗೆದುಕೊಳ್ಳಿ.

ಪ್ರಶ್ನೆ: ಲೇಹ್ಯ, ಕಷಾಯ, ನಾಟಿ ಔಷಧಿ ತೆಗೆದುಕೊಳ್ಳುತ್ತಿದ್ದೇವೆ. ಹೇಳಿದರೆ ಡಾಕ್ಟರು ಬೈಯುತ್ತಾರೆ ಎಂಬ ಭಯ.
ಉತ್ತರ: ಹೇಳಿದ್ದಕ್ಕೆ ಯಾರೂ ಬೈಯುವುದಿಲ್ಲ. ಹೇಳದಿದ್ದರೆ ನಮಗೆ ತೊಂದರೆಯ ಮೂಲ ತಿಳಿಯುವುದಿಲ್ಲ. ರಕ್ತ ಪರೀಕ್ಷೆಯಲ್ಲಿ ಏರುಪೇರು ಬಂದಾಗ ಅದು ಕಿಮೊಥೆರಪಿಯಿಂದಲೇ ಎಂದುಕೊಂಡು ಡೋಸ್ ಕಡಿಮೆ ಮಾಡುವ ಸಂದರ್ಭ ಬರಬಹುದು. ಡಾಕ್ಟರಿಗೆ ಹೇಳಲು ಸಂಕೋಚವಾದರೆ ನರ್ಸ್ ಹತ್ತಿರ ಹೇಳಿ, ನಾವು ಅವರ ಗಮನಕ್ಕೆ ತರುತ್ತೇವೆ.

ಪ್ರಶ್ನೆ: ಇಷ್ಟು ದಿನ ತಿಳಿಯದೆ ಮಾತ್ರೆ ಕೊಟ್ಟುಬಿಟ್ಟೆವು. ಕಾಯಿಲೆ ಹೆಚ್ಚಾಗಲು ನಾವೇ ಕಾರಣವೇ?
ಉತ್ತರ: ಹಾಗೆ ನೊಂದುಕೊಳ್ಳಬೇಡಿ. ಒಬ್ಬ ರೋಗಿಯಲ್ಲಿ ಕಾಯಿಲೆ ಹೆಚ್ಚಾದದ್ದು ಮಾತ್ರೆಯಿಂದಲೇ ಎಂದು ಯಾರೂ ಹೇಳಲಾಗದು. ಕ್ಯಾನ್ಸರ್ ಹರಡಲು ಹಲವು ಕಾರಣಗಳಿರುತ್ತವೆ. ಮುಂದಿನ ಭೇಟಿಯವರೆಗೂ ಕಾಯದೆ ವಿಷಯ ತಿಳಿಸಿ, ಡಾಕ್ಟರು ಹೇಳಿದಂತೆ ನಡೆಯಿರಿ. ಅಷ್ಟು ಸಾಕು.

ಪ್ರಶ್ನೆ: ಬೀಡಿ, ಗುಟ್ಕಾ ಬಿಡಲು ಆಗುತ್ತಿಲ್ಲ. ಆಂಟಿಆಕ್ಸಿಡೆಂಟ್ ತೆಗೆದುಕೊಂಡರೆ ಅದರ ದೋಷ ಹೋಗುವುದೇ?
ಉತ್ತರ: ಹೋಗುವುದಿಲ್ಲ. ಫಿನ್‌ಲ್ಯಾಂಡ್ ಮತ್ತು ಅಮೆರಿಕದಲ್ಲಿ ಹೆಚ್ಚು ಕೆಡುಕಾದದ್ದು ಧೂಮಪಾನಿಗಳಿಗೇ. ತಂಬಾಕಿಗೆ ಪರಿಹಾರ ತಂಬಾಕು ಬಿಡುವುದೊಂದೇ. ಬಿಡಲು ಸಹಾಯ ಬೇಕಾದರೆ ಕೇಳಿ, ಅದಕ್ಕೆ ಸಲಹೆಯೂ ಔಷಧಿಯೂ ಇವೆ.

ಆಸ್ಪತ್ರೆಗೆ ಬರುವಾಗ ಹೀಗೆ ಮಾಡಿ

1. ಮನೆಯಲ್ಲಿ ತೆಗೆದುಕೊಳ್ಳುವ ಮಾತ್ರೆ, ಪುಡಿ, ಟಾನಿಕ್, ಲೇಹ್ಯ, ಕಷಾಯ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿ ತನ್ನಿ. ಹೆಸರು ನೆನಪಿರದಿದ್ದರೆ ಡಬ್ಬಿಯನ್ನೇ ತನ್ನಿ.
2. ಡಬ್ಬಿಯ ಮೇಲೆ ಹೆಸರಾಗಲಿ, ಒಳಗೆ ಏನಿದೆ ಎಂಬ ವಿವರವಾಗಲಿ ಇಲ್ಲದಿದ್ದರೆ ಅದನ್ನು ಬಳಸಬೇಡಿ.
3. ಯಾವುದನ್ನು ಯಾವಾಗಿನಿಂದ, ದಿನಕ್ಕೆ ಎಷ್ಟು ತೆಗೆದುಕೊಳ್ಳುತ್ತೀರಿ ಎಂದು ಒಂದು ಚೀಟಿಯಲ್ಲಿ ಬರೆದು ಫೈಲಿನಲ್ಲಿ ಇಡಿ.
4. ಆಪರೇಷನ್ ಇದ್ದರೆ ವಿಟಮಿನ್ ಇ ವಿಷಯವನ್ನು ಮುಂಚೆಯೇ ಹೇಳಿ. ಹೆಚ್ಚು ಪ್ರಮಾಣದಲ್ಲಿ ಅದು ರಕ್ತಸ್ರಾವ ಹೆಚ್ಚಿಸಬಹುದು.
5. ಕಫ ಕರಗಲೆಂದು ಕೊಡುವ ಕೆಲವು ಮಾತ್ರೆಗಳಲ್ಲಿ ಎನ್-ಅಸಿಟೈಲ್‌ಸಿಸ್ಟೀನ್ ಇರುತ್ತದೆ. ಬೇರೆ ಕಡೆ ಬರೆಸಿಕೊಂಡಿದ್ದರೆ ತೋರಿಸಿ. ಬೇಕೋ ಬೇಡವೋ ಎಂದು ಡಾಕ್ಟರು ನಿರ್ಧರಿಸುತ್ತಾರೆ.
6. ಪುಡಿ, ಮಾತ್ರೆಯನ್ನು ನಂಬಿ ರೇಡಿಯೇಷನ್ ಅಥವಾ ಕಿಮೊಥೆರಪಿಯ ತಾರೀಕನ್ನು ಎಂದಿಗೂ ತಪ್ಪಿಸಬೇಡಿ.

ನೆನಪಿಡಿ

ಆಂಟಿಆಕ್ಸಿಡೆಂಟ್ ಇರುವ ಹಣ್ಣು, ತರಕಾರಿ, ಕಾಳು ಎಲ್ಲರಿಗೂ ಒಳ್ಳೆಯದು.
ಮಾತ್ರೆ, ಪುಡಿ, ಕ್ಯಾಪ್ಸೂಲ್ ರೂಪದಲ್ಲಿ ಹೆಚ್ಚಿನ ಪ್ರಮಾಣ ಕ್ಯಾನ್ಸರ್ ತಡೆಯುವುದೂ ಇಲ್ಲ, ವಾಸಿ ಮಾಡುವುದೂ ಇಲ್ಲ.
ಅವು ಕ್ಯಾನ್ಸರ್ ಕೋಶಕ್ಕೂ ರಕ್ಷಣೆ ಕೊಡಬಹುದು, ಚಿಕಿತ್ಸೆಯ ಬಲ ಕುಂದಿಸಬಹುದು.
ಕೊರತೆ ಇದ್ದರೆ ವೈದ್ಯರು ಕೊಡುತ್ತಾರೆ. ತಾವಾಗಿ ಕೊಂಡು ನುಂಗುವುದು ಬೇಡ.
ಏನನ್ನು ತೆಗೆದುಕೊಂಡರೂ ಮುಚ್ಚಿಡದೆ ಹೇಳಿ.

ಮುಂದೆ ಯಾರಾದರೂ ಪ್ರೀತಿಯಿಂದ ಒಂದು ಡಬ್ಬಿ ತಂದುಕೊಟ್ಟರೆ ಅವರ ಮನಸ್ಸು ನೋಯಿಸಬೇಕಾಗಿಲ್ಲ. "ಆಸ್ಪತ್ರೆಯಲ್ಲಿ ಒಂದು ಮಾತು ಕೇಳಿ ಶುರು ಮಾಡುತ್ತೇವೆ" ಎಂದು ಹೇಳಿ ಇಟ್ಟುಕೊಳ್ಳಿ, ಮರುದಿನ ನಮಗೆ ತಂದು ತೋರಿಸಿ. ಇನ್ನು ಯಾರಾದರೂ ಏನು ತರಲಿ ಎಂದು ಕೇಳಿದರೆ ಒಂದು ಕಿಲೋ ಸೀಬೆಹಣ್ಣು, ಎರಡು ಕಟ್ಟು ಸೊಪ್ಪು, ಒಂದು ಲೀಟರ್ ಹಾಲು ತರಲು ಹೇಳಿ. ರೋಗಿಗೆ ಆ ಹೊತ್ತಿಗೆ ಬೇಕಾಗಿರುವುದು ಅದೇ.